ವೇಬ್ರಿಡ್ಜ್ ಪರದೆಯಲ್ಲಿ ಕಾಣೆಯಾದ ಒಂದು ಸೊನ್ನೆ: ವಿಂಡೋ ಜಾಗ ತಪ್ಪಿದಾಗ ದೋಷ ಹುಡುಕುವುದು ಹೇಗೆ

ಮಂಡ್ಯ ಹತ್ತಿರದ ಒಂದು ವೇಬ್ರಿಡ್ಜ್‌ಗೆ ನಾನು ತೂಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಕಬ್ಬಿನ ಲಾರಿ, ಟ್ರ್ಯಾಕ್ಟರ್, ಅಚ್ಚು ಬೆಲ್ಲ ತುಂಬಿದ ಟೆಂಪೋ ಎಲ್ಲ ಅಲ್ಲಿಗೆ ಬರುತ್ತವೆ. ಆಪರೇಟರ್ ಮುಂದೆ ಒಂದು ಲ್ಯಾಪ್‌ಟಾಪ್. ಕಿಟಕಿಗೆ ಮುಖ ಮಾಡಿ ಇನ್ನೊಂದು ಮಾನಿಟರ್. ಅದು ಇರುವುದೇ ರೈತರಿಗಾಗಿ. ಗಾಡಿ ನಿಂತ ಕೂಡಲೇ ತೂಕ ಅಲ್ಲಿ ದೊಡ್ಡದಾಗಿ ಕಾಣಬೇಕು.

ಹಳೆ ಲ್ಯಾಪ್‌ಟಾಪ್ ಕೆಟ್ಟಿತು, ಹೊಸದು ತಂದರು. ಮಾರನೇ ದಿನ ಆಪರೇಟರ್ ಫೋನ್ ಮಾಡಿದರು. "ಸಾರ್, ಹೊರಗಿನ ಟಿವಿಲಿ ತೂಕ ಪೂರ್ತಿ ಬರ್ತಿಲ್ಲ. ರೈತ್ರು ಗಲಾಟೆ ಮಾಡ್ತಾವ್ರೆ."

ಆಗಿದ್ದೇನೆಂದರೆ, ತೂಕದ ವಿಂಡೋ ಬಲಕ್ಕೆ ಸರಿದು ಪರದೆಯಿಂದ ಆಚೆ ಹೋಗಿತ್ತು. 18640 ಕೆ.ಜಿ. ಇದ್ದರೆ ಕೊನೆಯ ಸೊನ್ನೆ ಪೂರ್ತಿ ಕಾಣೆ. 4ರ ಅಂಚೂ ಕತ್ತರಿಸಿಹೋಗಿತ್ತು. ಕಿಟಕಿ ಆಚೆ ನಿಂತವರಿಗೆ 1864 ಅಂತ ಕಾಣುತ್ತಿತ್ತು. ಚೀಟಿಯಲ್ಲಿ ಸರಿಯಾಗಿಯೇ ಬರುತ್ತಿತ್ತು, ದುಡ್ಡಿನಲ್ಲೂ ಮೋಸ ಇರಲಿಲ್ಲ. ಆದರೂ ಪರದೆ ಒಂದು ಹೇಳಿ ಚೀಟಿ ಇನ್ನೊಂದು ಹೇಳಿದರೆ ನಂಬುವುದು ಹೇಗೆ? ವರ್ಷವೆಲ್ಲ ಬೆಳೆದ ಕಬ್ಬು ಅದು. ನನಗೆ ನಿದ್ದೆ ಬರಲಿಲ್ಲ.

ಇದೇ ಥರ ನಿಮ್ಮ ಪ್ರೋಗ್ರಾಮಿನ ವಿಂಡೋ ಕೂಡ ಹೇಳಿದ ಜಾಗ ಬಿಟ್ಟು ಬೇರೆಲ್ಲೋ ಕೂರುತ್ತಿದ್ದರೆ, ಹುಡುಕುವ ದಾರಿ ಇಲ್ಲಿದೆ. ಉದಾಹರಣೆಗಳು ವಿಂಡೋಸ್‌ನವು.

ದೂರದಿಂದ ನೋಡಬೇಡಿ

ಮೊದಲು ಮೈಸೂರಿನಲ್ಲೇ ಕೂತು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡಿದೆ. ಎಲ್ಲ ಸರಿ ಇತ್ತು! ಎರಡು ದಿನ ಹೀಗೇ ಹೋಯಿತು. ಆಮೇಲೆ ಕಾರಣ ಹೊಳೆಯಿತು. ರಿಮೋಟ್ ಡೆಸ್ಕ್‌ಟಾಪ್ ಅಲ್ಲಿನ ಪರದೆಯನ್ನು ಇದ್ದ ಹಾಗೇ ತೋರಿಸುವುದಿಲ್ಲ. ನಾವು ಕೂತ ಕಂಪ್ಯೂಟರಿನ ಪರದೆ ಎಷ್ಟು ದೊಡ್ಡದು, ಅದರ ಸ್ಕೇಲಿಂಗ್ (ಅಕ್ಷರ, ಚಿತ್ರ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್) ಎಷ್ಟು ಅಂತ ನೋಡಿ, ಅದಕ್ಕೆ ತಕ್ಕಂತೆ ಹೊಸದಾಗಿ ಒಂದು ಪರದೆ ತಯಾರು ಮಾಡಿಕೊಳ್ಳುತ್ತದೆ. ಮಂಡ್ಯದ ಎರಡು ಮಾನಿಟರ್ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸ್ಕೇಲಿಂಗ್ ದೋಷವನ್ನು ಆ ಪರದೆ ಮುಂದೆಯೇ ಕೂತು ನೋಡಬೇಕು. ಇಲ್ಲವಾದರೆ ಅಲ್ಲಿರುವವರಿಂದ ಸ್ಕ್ರೀನ್‌ಶಾಟ್ ತರಿಸಿಕೊಳ್ಳಬೇಕು. ಮೂರನೇ ದಿನ ಬೆಳಗ್ಗೆ ಮಂಡ್ಯ ಬಸ್ ಹತ್ತಿದೆ.

ಅಳೆದು, ಭಾಗಿಸಿ

ಮೊದಲು ಕೋಡ್ ತೆರೆಯಬೇಡಿ. ವಿಂಡೋ ಈಗ ಎಲ್ಲಿ ಕೂತಿದೆ ಅಂತ ಪಿಕ್ಸೆಲ್ ಲೆಕ್ಕದಲ್ಲಿ, ಅಂದರೆ ಪರದೆಯ ಚುಕ್ಕೆಗಳ ಲೆಕ್ಕದಲ್ಲಿ, ಅಳೆಯಿರಿ. ಇದಕ್ಕೆ ಯಾವ ವಿಶೇಷ ಸಾಧನವೂ ಬೇಡ. ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿ ಪೇಂಟ್‌ನಲ್ಲಿ ಅಂಟಿಸಿ. ಎರಡೂ ಮಾನಿಟರ್ ಸೇರಿ ಒಂದೇ ಉದ್ದ ಚಿತ್ರ ಬರುತ್ತದೆ. ವಿಂಡೋದ ಎಡ ಅಂಚಿನ ಮೇಲೆ ಮೌಸ್ ಇಟ್ಟರೆ ಕೆಳಗಿನ ಪಟ್ಟಿಯಲ್ಲಿ ಸಂಖ್ಯೆ ಕಾಣುತ್ತದೆ. ಈ ಚಿತ್ರ ನಿಜವಾದ ಪಿಕ್ಸೆಲ್‌ಗಳದ್ದು, ಹಾಗಾಗಿ ನಂಬಬಹುದು. ಎರಡನೇ ಮಾನಿಟರ್ ಎಡಕ್ಕಿದ್ದರೆ ಮಾತ್ರ ಹುಷಾರು. ಆಗ ಚಿತ್ರದ ಸೊನ್ನೆ ಆ ಮಾನಿಟರಿನ ಎಡ ಅಂಚಿನಿಂದ ಶುರುವಾಗುತ್ತದೆ. ಆ ಮಾನಿಟರಿನ ಅಗಲದಷ್ಟು ಕಳೆದು ಓದಿಕೊಳ್ಳಿ.

ಅಲ್ಲಿ ಲ್ಯಾಪ್‌ಟಾಪ್ 1920×1080, ಅದರ ಬಲಕ್ಕೆ ಮಾನಿಟರ್, ಅದೂ 1920×1080. ಅಂದರೆ ತೂಕದ ವಿಂಡೋ 1920ರಿಂದ ಶುರುವಾಗಬೇಕು. ಪೇಂಟ್ ತೋರಿಸಿದ್ದು 2400.

2400ನ್ನು 1920ರಿಂದ ಭಾಗಿಸಿದರೆ 1.25. ಸೆಟ್ಟಿಂಗ್ಸ್ ತೆರೆದು ನೋಡಿದೆ. ಹೊಸ ಲ್ಯಾಪ್‌ಟಾಪ್ ಬಂದಾಗಲೇ 125% ಸ್ಕೇಲಿಂಗ್‌ನಲ್ಲಿತ್ತು. ಹೊರಗಿನ ಮಾನಿಟರ್ 100%. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಆದರೆ ಒಂದೇ ಅಳತೆ ಸಾಲದು. 1920 ಹೋಗಿ 2400 ಆಗಿದ್ದು ಗುಣಾಕಾರದಿಂದಲೋ, ಅಥವಾ ಎಲ್ಲೋ 480 ಕೂಡಿಬಿಟ್ಟಿದೆಯೋ? ಎರಡೂ ಸಾಧ್ಯ ಅಲ್ವಾ? ಹಾಗಾಗಿ ವಿಂಡೋವನ್ನು ಲ್ಯಾಪ್‌ಟಾಪಿನ ಮೇಲೇ 1000ಕ್ಕೆ ಇಡು ಅಂತ ಹೇಳಿ ನೋಡಿದೆ. 1250ಕ್ಕೆ ಕೂತಿತು. ಗುಣಾಕಾರವೇ. 1480 ಬಂದಿದ್ದರೆ ಬೇರೆ ಕಥೆ ಆಗುತ್ತಿತ್ತು.

ಬಂದ ಸಂಖ್ಯೆ ಏನು ಹೇಳುತ್ತದೆ

ಭಾಗಲಬ್ಧ 1.25, 1.5, 1.75 ಅಥವಾ 2 ಬಂದರೆ ಯಾರೋ ಸ್ಕೇಲಿಂಗ್‌ನಿಂದ ಗುಣಿಸಬಾರದ ಕಡೆ ಗುಣಿಸಿದ್ದಾರೆ. 0.8 ಅಥವಾ 0.67 ಬಂದರೆ ಉಲ್ಟಾ, ಗುಣಿಸಬೇಕಾದ ಕಡೆ ಬಿಟ್ಟಿದ್ದಾರೆ ಅಥವಾ ಸುಮ್ನೆ ಭಾಗಿಸಿದ್ದಾರೆ. 1.2 ಬಂದರೆ ಗಾಬರಿ ಬೇಡ. ಒಂದು ಪರದೆ 150%, ಇನ್ನೊಂದು 125% ಇದ್ದು, ಒಂದರ ಲೆಕ್ಕ ಇನ್ನೊಂದಕ್ಕೆ ಬಳಕೆಯಾಗಿದೆ. 1.5625 ಬಂದರೆ 125%ನ್ನು ಎರಡು ಸಲ ಗುಣಿಸಲಾಗಿದೆ. 2.25 ಬಂದರೆ ಹೆಚ್ಚಾಗಿ 150%ನ್ನು ಎರಡು ಸಲ. ಒಬ್ಬರು ಫ್ರೇಮ್‌ವರ್ಕ್ (ಪ್ರೋಗ್ರಾಮ್ ಕಟ್ಟಲು ಬಳಸುವ ಸಿದ್ಧ ಕೋಡ್) ಗುಣಿಸುವುದಿಲ್ಲ ಅಂದುಕೊಂಡು ತಾವೇ ಗುಣಿಸಿದಾಗ ಇದು ಆಗುತ್ತದೆ. ತುಂಬಾ ಸಾಮಾನ್ಯ.

ಭಾಗಲಬ್ಧ ಸರಿಹೊಂದದೆ, ಎಲ್ಲ ಕಡೆಯೂ ಒಂದೇ ವ್ಯತ್ಯಾಸ ಬಂದರೆ ಅದು ಸ್ಕೇಲಿಂಗ್ ದೋಷ ಅಲ್ಲ. 7 ಪಿಕ್ಸೆಲ್ ಖಾಲಿ ಬಿಡುತ್ತಿದೆಯಾ? ವಿಂಡೋಸ್ 10ರಿಂದ ಮಾಮೂಲಿ ವಿಂಡೋಗಳ ಎಡ, ಬಲ, ಕೆಳಗೆ ಕಾಣದ ಅಂಚು ಇರುತ್ತದೆ. 100%ನಲ್ಲಿ ಅದು 7 ಪಿಕ್ಸೆಲ್. ವಿಂಡೋ ಎಲ್ಲಿದೆ ಅಂತ ಹೇಳುವ ವಿಂಡೋಸ್ ಫಂಕ್ಷನ್ ಗೆಟ್‌ವಿಂಡೋರೆಕ್ಟ್ ಆ ಅಂಚನ್ನೂ ಸೇರಿಸಿ ಹೇಳುತ್ತದೆ. ಕಣ್ಣಿಗೆ ಕಾಣುವ ಅಂಚು ಬೇಕಾದರೆ ವಿಂಡೋಗಳನ್ನು ಪರದೆಗೆ ಜೋಡಿಸುವ ವಿಂಡೋಸ್ ಭಾಗವಾದ ಡಿಡಬ್ಲ್ಯೂಎಂನಿಂದ ಎಕ್ಸ್‌ಟೆಂಡೆಡ್ ಫ್ರೇಮ್ ಬೌಂಡ್ಸ್ ಕೇಳಬೇಕು. ವಿಂಡೋ ಪ್ರತಿ ಸಲ ತೆರೆದಾಗಲೂ 40 ಪಿಕ್ಸೆಲ್ ಮೇಲಕ್ಕೆ ಏರುತ್ತಿದೆಯಾ? ಟಾಸ್ಕ್‌ಬಾರ್ ಪರದೆಯ ಮೇಲಂಚಿನಲ್ಲಿದೆಯಾ ನೋಡಿ. ಗೆಟ್‌ವಿಂಡೋಪ್ಲೇಸ್‌ಮೆಂಟ್ ಕೊಡುವ ಜಾಗ ಟಾಸ್ಕ್‌ಬಾರ್ ಬಿಟ್ಟು ಅಳೆದದ್ದು. ಅದನ್ನು ತಂದು, ಪೂರ್ತಿ ಪರದೆಯ ಲೆಕ್ಕದಲ್ಲಿ ವಿಂಡೋ ಇಡುವ ಸೆಟ್‌ವಿಂಡೋಪೋಸ್‌ಗೆ ಕೊಟ್ಟರೆ ಅಷ್ಟು ತಪ್ಪುತ್ತದೆ. ಸೆಟ್‌ವಿಂಡೋಪ್ಲೇಸ್‌ಮೆಂಟ್‌ಗೇ ಕೊಡಿ, ಜೋಡಿ ಮುರಿಯಬೇಡಿ.

ಇನ್ನು ಎರಡು ಸಂಖ್ಯೆ ನೆನಪಿರಲಿ. -32000 ಕಂಡರೆ ವಿಂಡೋ ಮಿನಿಮೈಸ್ ಆಗಿದ್ದಾಗ ಜಾಗ ಉಳಿಸಿದ್ದೀರಿ. ಸ್ಕೇಲಿಂಗ್ ಅರಿಯದ ಪ್ರೋಗ್ರಾಮಿಗೆ ಅದೇ ಸಂಖ್ಯೆ 125%ನಲ್ಲಿ -25600 ಆಗಿ, 150%ನಲ್ಲಿ -21333 ಆಗಿ ಕಾಣುತ್ತದೆ. 63616 ಅಂತ ವಿಚಿತ್ರ ಸಂಖ್ಯೆ ಬಂದರೆ ಅದು -1920. ಎಡಗಡೆ ಮಾನಿಟರ್ ಇದ್ದಾಗ ಅಲ್ಲಿನ ಜಾಗ ಸೊನ್ನೆಗಿಂತ ಕಡಿಮೆ. ಅದನ್ನು 16 ಬಿಟ್‌ನಲ್ಲಿ ಚಿಹ್ನೆ ಇಲ್ಲದೆ ಓದಿದರೆ ಹೀಗಾಗುತ್ತದೆ.

ಯಾರ ಅಳತೆ ಇದು?

ನನ್ನ ಪಾಲಿಗೆ ಇಡೀ ವಿಷಯದ ತಿರುಳು ಇದು. 40 ಅಂತ ಒಬ್ಬರು, 1 ಅಂತ ಇನ್ನೊಬ್ಬರು ಹೇಳಿದರೂ ಜಮೀನು ಒಂದೇ ಇರಬಹುದು. ಒಬ್ಬರದು ಗುಂಟೆ, ಇನ್ನೊಬ್ಬರದು ಎಕರೆ. ಗುಂಟೆಯೋ ಎಕರೆಯೋ ಕೇಳದೆ ನಮ್ಮ ಕಡೆ ಯಾರೂ ಜಮೀನಿನ ಮಾತು ಮುಂದುವರಿಸುವುದಿಲ್ಲ. ಕೋಡ್ ಬರೆಯುವಾಗ ಮಾತ್ರ ಬರೀ ಸಂಖ್ಯೆ ನೋಡಿ ಮುಂದೆ ಹೋಗುತ್ತೇವೆ.

ವಿಂಡೋಸ್‌ನಲ್ಲಿ 100% ಅಂದರೆ 96 ಡಿಪಿಐ, ಅಂದರೆ ಒಂದು ಅಂಗುಲಕ್ಕೆ 96 ಚುಕ್ಕೆ ಅನ್ನುವ ಲೆಕ್ಕ. 125% ಅಂದರೆ 120, 150% ಅಂದರೆ 144, 200% ಅಂದರೆ 192. ನನ್ನ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಡಬ್ಲ್ಯೂಪಿಎಫ್ ಅನ್ನುವ ಫ್ರೇಮ್‌ವರ್ಕ್‌ನಲ್ಲಿದೆ. ಅದರಲ್ಲಿ ವಿಂಡೋದ ಲೆಫ್ಟ್, ಟಾಪ್, ವಿಡ್ತ್ ಯಾವುದೂ ಪಿಕ್ಸೆಲ್ ಅಲ್ಲ. ಒಂದು ಅಂಗುಲದ 96ನೇ ಒಂದು ಭಾಗ ಅಲ್ಲಿನ ಅಳತೆ. ಎರಡನೇ ಮಾನಿಟರ್ ಎಲ್ಲಿದೆ ಅಂತ ತಿಳಿಯಲು ನಾನು ವಿನ್‌ಫಾರ್ಮ್ಸ್ ಅನ್ನುವ ಇನ್ನೊಂದು ಫ್ರೇಮ್‌ವರ್ಕಿನ ಸ್ಕ್ರೀನ್ ಕ್ಲಾಸ್ ಬಳಸಿದ್ದೆ. ಅದು ಹೇಳಿದ 1920 ನಿಜವಾದ ಪಿಕ್ಸೆಲ್. ಅದನ್ನು ಹಾಗೇ ಲೆಫ್ಟ್‌ಗೆ ಹಾಕಿದ್ದೆ. ಆ ಹೊತ್ತಿಗೆ ವಿಂಡೋ ಲ್ಯಾಪ್‌ಟಾಪಿನ ಮೇಲಿತ್ತು, ಅಲ್ಲಿ 125%. ಡಬ್ಲ್ಯೂಪಿಎಫ್ ತನ್ನ ನಿಯಮದಂತೆ 1920ನ್ನು 1.25ರಿಂದ ಗುಣಿಸಿ 2400ಕ್ಕೆ ಇಟ್ಟಿತು.

ಅಗಲ ಮಾತ್ರ ಸರಿಯಾಗಿಯೇ ಇತ್ತು. ಅದು ನನ್ನನ್ನು ಸ್ವಲ್ಪ ಹೊತ್ತು ದಾರಿ ತಪ್ಪಿಸಿತು. ಅಗಲವನ್ನೂ 1920 ಅಂತಲೇ ಕೊಟ್ಟಿದ್ದೆ. ಲ್ಯಾಪ್‌ಟಾಪಿನ ಮೇಲೆ ಅದು 2400 ಪಿಕ್ಸೆಲ್. ಆದರೆ ವಿಂಡೋ ಆಚೆಯ ಮಾನಿಟರ್‌ಗೆ ದಾಟುತ್ತಿದ್ದಂತೆ ಸ್ಕೇಲಿಂಗ್ 100% ಆಗಿ, ಅಗಲ ಮತ್ತೆ 1920ಕ್ಕೆ ಇಳಿಯಿತು. ಜಾಗ ಮಾತ್ರ 2400ರಲ್ಲೇ ಉಳಿಯಿತು. 2400ಕ್ಕೆ 1920 ಸೇರಿಸಿ, 4320. ಮಾನಿಟರ್ ಮುಗಿಯುವುದು 3840ಕ್ಕೆ. 480 ಪಿಕ್ಸೆಲ್ ಆಚೆ. ಅಂದರೆ ವಿಂಡೋದ ಕಾಲು ಭಾಗ. ಸೊನ್ನೆ ಹೋಗಿದ್ದೂ ಅಲ್ಲಿಗೇ.

ಹಳೆ ಲ್ಯಾಪ್‌ಟಾಪ್ 1366×768, ಸ್ಕೇಲಿಂಗ್ 100%. ಅಲ್ಲಿ ಪಿಕ್ಸೆಲ್‌ಗೂ ಡಬ್ಲ್ಯೂಪಿಎಫ್ ಅಳತೆಗೂ ವ್ಯತ್ಯಾಸವೇ ಇಲ್ಲ. ತಪ್ಪು ವರ್ಷಗಟ್ಟಲೆ ಒಳಗೇ ಇತ್ತು, ಕಾಣಲಿಲ್ಲ ಅಷ್ಟೇ.

ಬೇರೆ ಬೇರೆ ಫ್ರೇಮ್‌ವರ್ಕ್‌ಗಳಲ್ಲಿ ಅಳತೆ ಬೇರೆ. ವಿನ್‌ಫಾರ್ಮ್ಸ್ ಪಿಕ್ಸೆಲ್‌ನಲ್ಲಿ ಮಾತಾಡುತ್ತದೆ. ಎಲೆಕ್ಟ್ರಾನ್ ಸ್ಕೇಲಿಂಗ್ ತೆಗೆದ ಅಳತೆಯಲ್ಲಿ ಮಾತಾಡುತ್ತದೆ. ಅದರ ಸ್ಕ್ರೀನ್ ಕೊಟ್ಟ ಸಂಖ್ಯೆಯನ್ನು ಸೆಟ್‌ಬೌಂಡ್ಸ್‌ಗೆ ಹಾಗೇ ಕೊಡಿ, ಸ್ಕೇಲ್ ಫ್ಯಾಕ್ಟರ್‌ನಿಂದ ಗುಣಿಸಬೇಡಿ. ಕ್ಯೂಟಿ 6ರಲ್ಲೂ ಹಾಗೆಯೇ. ಒಂದೇ ಫ್ರೇಮ್‌ವರ್ಕ್ ಒಳಗೇ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಒಂದು ಕಡೆಯಿಂದ ಸಂಖ್ಯೆ ತಂದು ಇನ್ನೊಂದು ಕಡೆ ಕೊಡುವ ಸಾಲಿನಲ್ಲೇ ದೋಷ ಕೂತಿರುತ್ತದೆ. ಆ ಸಾಲುಗಳನ್ನೇ ಹುಡುಕಿ.

ಪ್ರೋಗ್ರಾಮಿಗೆ ಸ್ಕೇಲಿಂಗ್ ಗೊತ್ತಿದೆಯಾ?

ಅಳತೆ ಜೊತೆಗೇ ಇದನ್ನೂ ನೋಡಬೇಕು. ವಿಂಡೋಸ್‌ನಲ್ಲಿ ಪ್ರೋಗ್ರಾಮ್‌ಗಳು ಸ್ಕೇಲಿಂಗ್ ವಿಷಯದಲ್ಲಿ ನಾಲ್ಕು ಥರ. ಏನೂ ಅರಿಯದವು ಒಂದು. ಅವಕ್ಕೆ ವಿಂಡೋಸ್ ಯಾವಾಗಲೂ 96 ಅಂತಲೇ ಹೇಳಿ, ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ಅಕ್ಷರ ಮಸುಕಾಗಿ ಕಂಡರೆ ಹೆಚ್ಚಾಗಿ ಇದೇ ಕಾರಣ. ಎರಡನೆಯವು ಒಂದೇ ಡಿಪಿಐ ಅರಿತವು, ವಿಸ್ಟಾ ಕಾಲದವು. ಲಾಗಿನ್ ಆದಾಗ ಇದ್ದ ಮುಖ್ಯ ಪರದೆಯ ಡಿಪಿಐ ಮಾತ್ರ ಅವಕ್ಕೆ ಗೊತ್ತು. ಮೂರನೆಯವು ಪ್ರತಿ ಮಾನಿಟರಿನ ಡಿಪಿಐ ಅರಿತವು. 2013ರ ವಿಂಡೋಸ್ 8.1ರಲ್ಲಿ ಬಂದವು. ನಾಲ್ಕನೆಯದು ಅದರ ಎರಡನೇ ರೂಪ, 2017ರ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟ್‌ನಲ್ಲಿ ಬಂದದ್ದು. ಇದರಲ್ಲಿ ಟೈಟಲ್ ಬಾರ್, ಮೆನು ಎಲ್ಲ ತಾವೇ ಅಳತೆ ಬದಲಿಸಿಕೊಳ್ಳುತ್ತವೆ. ಹೊಸದಾಗಿ ಬರೆಯುವವರು ಇದನ್ನೇ ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಪ್ರೋಗ್ರಾಮ್ ತನ್ನ ಬಗ್ಗೆ ವಿಂಡೋಸ್‌ಗೆ ಹೇಳುವ ಫೈಲಿನಲ್ಲಿ, ಹಾಕಿ. ಕೋಡ್‌ನಲ್ಲಿ ಹಾಕುವುದಕ್ಕಿಂತ ಮ್ಯಾನಿಫೆಸ್ಟ್ ವಾಸಿ. ಕೋಡ್ ಓಡುವ ಹೊತ್ತಿಗೆ ಯಾವುದಾದರೂ ವಿಂಡೋ ಆಗಲೇ ಹುಟ್ಟಿದ್ದರೆ ತಡವಾಯಿತು.

ನಿಮ್ಮದು ಯಾವ ಥರ ಅಂತ ಊಹಿಸಬೇಡಿ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆ ಮೇಲೆ ಬಲ ಕ್ಲಿಕ್ ಮಾಡಿ, ಡಿಪಿಐ ಅವೇರ್‌ನೆಸ್ ಕಾಲಂ ಸೇರಿಸಿಕೊಳ್ಳಿ. ಕಣ್ಣೆದುರೇ ಕಾಣುತ್ತದೆ. ನೀವು ಮ್ಯಾನಿಫೆಸ್ಟ್‌ನಲ್ಲಿ ಬರೆದದ್ದು ಒಂದು, ಅಲ್ಲಿ ಕಂಡದ್ದು ಇನ್ನೊಂದು ಆದರೆ, ಎಕ್ಸ್‌ಇ ಫೈಲಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟ ನೋಡಿ. ಅಕ್ಷರ ದೊಡ್ಡದು ಮಾಡಲು ಯಾರೋ ಅಲ್ಲಿ ಹೈ ಡಿಪಿಐ ಟಿಕ್ ಹಾಕಿರಬಹುದು. ಒಂದೇ ಸಾಫ್ಟ್‌ವೇರ್ ಒಂದು ಕಂಪ್ಯೂಟರಿನಲ್ಲಿ ಸರಿ, ಪಕ್ಕದ್ದರಲ್ಲಿ ತಪ್ಪು ಅಂದರೆ ನಾನು ಮೊದಲು ನೋಡುವುದೇ ಆ ಟಿಕ್.

ಒಂದು ಎಚ್ಚರಿಕೆ. ಬೇರೆ ಪ್ರೋಗ್ರಾಮಿನ ವಿಂಡೋ ಅಳೆಯಲು ನೀವೇ ಒಂದು ಸಣ್ಣ ಸಾಧನ ಬರೆದರೆ, ಆ ಸಾಧನಕ್ಕೂ ಸ್ಕೇಲಿಂಗ್ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ವಿಂಡೋಸ್ ಅದಕ್ಕೂ ಬದಲಾಯಿಸಿದ ಸಂಖ್ಯೆಯನ್ನೇ ಕೊಡುತ್ತದೆ. ತಪ್ಪು ತಕ್ಕಡಿಯಲ್ಲಿ ತೂಗಿದ ಹಾಗಾಗುತ್ತದೆ. ಅದಕ್ಕೇ ಪೇಂಟ್‌ನಿಂದ ಶುರು ಮಾಡಿ ಅಂದದ್ದು.

ಸೆಟ್ಟಿಂಗ್ಸ್‌ನಲ್ಲಿ ಸ್ಕೇಲಿಂಗ್ ಬದಲಿಸಿದ ಮೇಲೆ ಸೈನ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಎರಡನೇ ಥರದ ಪ್ರೋಗ್ರಾಮ್‌ಗಳಿಗೆ ಅಲ್ಲಿಯವರೆಗೂ ಹಳೆ ಡಿಪಿಐಯೇ ನಿಜ.

ಸರಿ ಮಾಡಿದ್ದು ಹೀಗೆ

1920ನ್ನು 1.25ರಿಂದ ಭಾಗಿಸಿ ಲೆಫ್ಟ್‌ಗೆ ಕೊಟ್ಟಿದ್ದರೂ ಆ ದಿನಕ್ಕೆ ಕೆಲಸ ನಡೆಯುತ್ತಿತ್ತು. ಮಾಡಲಿಲ್ಲ. ಎರಡು ಪರದೆಯ ಸ್ಕೇಲಿಂಗ್ ಬೇರೆ ಇರುವಾಗ ಯಾವುದರಿಂದ ಭಾಗಿಸಬೇಕು ಅನ್ನುವುದು ಆ ಕ್ಷಣ ವಿಂಡೋ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಲ್ಯಾಪ್‌ಟಾಪ್ ಬದಲಾದರೆ, ವಿಂಡೋ ಬೇರೆ ಕಡೆ ತೆರೆದರೆ, ಮತ್ತೆ ತಪ್ಪುತ್ತದೆ.

ಬದಲಿಗೆ ಜಾಗದ ಲೆಕ್ಕವನ್ನೆಲ್ಲ ಪಿಕ್ಸೆಲ್‌ಗೆ ತಂದೆ. ಡಬ್ಲ್ಯೂಪಿಎಫ್‌ನ ಸೋರ್ಸ್ ಇನಿಷಿಯಲೈಸ್ಡ್ ಘಟ್ಟದಲ್ಲಿ ವಿಂಡೋಗೆ ಹ್ಯಾಂಡಲ್, ಅಂದರೆ ವಿಂಡೋಸ್ ಅದನ್ನು ಗುರುತಿಸುವ ಸಂಖ್ಯೆ, ಸಿಗುತ್ತದೆ. ಅಲ್ಲಿ ಸೆಟ್‌ವಿಂಡೋಪೋಸ್ ಕರೆದು ಪಿಕ್ಸೆಲ್ ಸಂಖ್ಯೆಯನ್ನೇ ಕೊಟ್ಟೆ. ಲೆಫ್ಟ್, ಟಾಪ್ ಮುಟ್ಟಲೇ ಇಲ್ಲ. ಕೋಡ್‌ನಲ್ಲಿ ಪ್ರತಿ ಸಂಖ್ಯೆಯ ಹೆಸರಿನ ಕೊನೆಗೆ ಅದರ ಅಳತೆ ಸೇರಿಸಿದೆ, ಪಿಕ್ಸೆಲ್ ಅಥವಾ ಡಿಪ್ (ಡಬ್ಲ್ಯೂಪಿಎಫ್‌ನ ಆ 96ನೇ ಒಂದು ಅಂಗುಲದ ಅಳತೆ) ಅಂತ. ಈಗ ಎರಡನ್ನು ಬೆರೆಸಿದರೆ ಓದುವಾಗಲೇ ಕಣ್ಣಿಗೆ ಹೊಡೆಯುತ್ತದೆ.

ಜಾಗ ಮತ್ತು ಗಾತ್ರ ಎರಡನ್ನೂ ಒಂದೇ ಸಲ ಕೊಟ್ಟರೆ ಇನ್ನೊಂದು ತೊಡಕಿದೆ. ವಿಂಡೋ ಬೇರೆ ಸ್ಕೇಲಿಂಗ್ ಇರುವ ಮಾನಿಟರ್‌ಗೆ ದಾಟಿದ ಕೂಡಲೇ ಡಿಪಿಐ ಬದಲಾಯಿತು ಅನ್ನುವ ಸಂದೇಶ ಬರುತ್ತದೆ. ಫ್ರೇಮ್‌ವರ್ಕ್ ಅದನ್ನು ಕೇಳಿ ನೀವು ಕೊಟ್ಟ ಗಾತ್ರವನ್ನೇ ಮತ್ತೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಹಾಗಾಗಿ ಮೊದಲು ಬರೀ ಜಾಗ ಬದಲಿಸಿ, ದಾಟಿಸಿ. ಆಮೇಲೆ ಗಾತ್ರ ಕೊಡಿ. ನನಗೆ ಪರದೆ ಪೂರ್ತಿ ಬೇಕಿತ್ತು, ಹಾಗಾಗಿ ದಾಟಿಸಿದ ಮೇಲೆ ಮ್ಯಾಕ್ಸಿಮೈಸ್ ಮಾಡಿದೆ. ಆ ಸಂದೇಶವನ್ನು ನೀವೇ ಕೈಯಾರೆ ಹಿಡಿಯುವವರಾದರೆ, ಅದರ ಜೊತೆ ವಿಂಡೋಸ್ ಕಳಿಸುವ ಆಯತವನ್ನು ಹಾಗೇ ಒಪ್ಪಿಕೊಳ್ಳಿ. ನಮ್ಮದೇ ಲೆಕ್ಕ ಹಾಕಲು ಹೋದರೆ, ಎಳೆಯುವಾಗ ವಿಂಡೋ ಎರಡು ಮಾನಿಟರ್ ನಡುವೆ ಜಿಗಿದಾಡಬಹುದು.

ಉಳಿಸಿದ ಜಾಗ, ಮತ್ತೆ ಕರೆಂಟ್

ವಿಂಡೋ ಗಾತ್ರ ಪ್ರತಿ ಸಲ ತೆರೆದಾಗಲೂ ಬೆಳೆಯುತ್ತಿದೆ ಅಂತ ದೂರು ಬಂದರೆ ಸಂಖ್ಯೆ ಬರೆದುಕೊಳ್ಳಿ. 400, 500, 625, 781 ಹೀಗೆ ಹೋದರೆ, ಮುಚ್ಚುವಾಗ ಪಿಕ್ಸೆಲ್‌ನಲ್ಲಿ ಉಳಿಸಿ ತೆರೆಯುವಾಗ ಇನ್ನೊಂದು ಅಳತೆಯಲ್ಲಿ ಓದುತ್ತಿದ್ದೀರಿ. ನಾನೀಗ ಪಿಕ್ಸೆಲ್ ಆಯತದ ಜೊತೆ ಆ ಹೊತ್ತಿನ ಡಿಪಿಐಯನ್ನೂ ಉಳಿಸುತ್ತೇನೆ. ತೆರೆಯುವಾಗ ಡಿಪಿಐ ಬೇರೆ ಇದ್ದರೆ ಗಾತ್ರವನ್ನು ಮಾತ್ರ ಹೊಂದಿಸುತ್ತೇನೆ.

ನಮ್ಮ ಕಡೆ ಕರೆಂಟ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಕೆಲಸ ಮುಗಿಯುವುದಿಲ್ಲ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಹೊರಗಿನ ಮಾನಿಟರ್ ಸಾಯುತ್ತದೆ. ಕೆಲವು ಮಾನಿಟರ್‌ಗಳು ಆಗ ವಿಂಡೋಸ್ ಲೆಕ್ಕದಿಂದಲೇ ಹೋಗುತ್ತವೆ. ವಿಂಡೋಸ್ ತೂಕದ ವಿಂಡೋವನ್ನು ಲ್ಯಾಪ್‌ಟಾಪಿನ ಮೇಲೆ ತಂದು ಕೂರಿಸುತ್ತದೆ. ಆಪರೇಟರ್ ಆ ಹೊತ್ತಿನಲ್ಲಿ ಸಾಫ್ಟ್‌ವೇರ್ ಮುಚ್ಚಿದರೆ ಆ ತಪ್ಪು ಜಾಗವೇ ಉಳಿಯುತ್ತದೆ. ಇದಕ್ಕೆ ಎರಡು ಕೆಲಸ ಮಾಡಿದೆ. ಮಾನಿಟರ್ ಒಂದೇ ಇರುವಾಗ ತೂಕದ ವಿಂಡೋ ಜಾಗ ಉಳಿಸುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್ ಬದಲಾದ ಸಂದೇಶ ಬಂದರೆ, ಎರಡನೇ ಮಾನಿಟರ್ ಮರಳಿದೆಯಾ ನೋಡಿ ವಿಂಡೋವನ್ನು ಅಲ್ಲಿಗೇ ಕಳಿಸುತ್ತೇನೆ. ತೆರೆಯುವಾಗಲೂ ಉಳಿಸಿದ ಆಯತದಲ್ಲಿ ಯಾವುದಾದರೂ ಮಾನಿಟರ್ ಇದೆಯಾ ಅಂತ ಮಾನಿಟರ್‌ಫ್ರಮ್‌ರೆಕ್ಟ್‌ನಿಂದ ಕೇಳುತ್ತೇನೆ. ಇಲ್ಲವಾದರೆ ಮುಖ್ಯ ಪರದೆಯಲ್ಲೇ ತೆರೆಯುತ್ತೇನೆ.

ಶುರುವಾದ ಕೂಡಲೇ ಲಾಗ್‌ನಲ್ಲಿ ಪ್ರತಿ ಮಾನಿಟರಿನ ಆಯತ, ಡಿಪಿಐ, ವಿಂಡೋದ ಆಯತ, ಗೆಟ್‌ಡಿಪಿಐಫಾರ್‌ವಿಂಡೋ ಕೊಟ್ಟ ಸಂಖ್ಯೆ ಬರೆಯುವಂತೆ ಮಾಡಿದ್ದೇನೆ. 125% ಪರದೆ ಮೇಲಿರುವ ವಿಂಡೋಗೆ ಅದು 120 ಹೇಳಬೇಕು. 96 ಅಂದರೆ ಪ್ರೋಗ್ರಾಮಿಗೆ ಸ್ಕೇಲಿಂಗ್ ಗೊತ್ತಿಲ್ಲ ಅಂತ ಅಲ್ಲೇ ತಿಳಿಯುತ್ತದೆ. ಮುಂದಿನ ಸಲ ಫೋನ್ ಬಂದರೆ ಆ ನಾಲ್ಕು ಸಾಲು ವಾಟ್ಸಾಪ್‌ನಲ್ಲಿ ತರಿಸಿಕೊಂಡರೆ ಸಾಕು.

ಹೊರಡುವ ಮುಂಚೆ ಲ್ಯಾಪ್‌ಟಾಪನ್ನು 100%, 125%, 150% ಮಾಡಿ ಮೂರು ಸಲವೂ ಸೈನ್ ಔಟ್ ಆಗಿ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಮಾನಿಟರನ್ನು ಎಡಕ್ಕೆ ಎಳೆದು ಸೊನ್ನೆಗಿಂತ ಕಡಿಮೆ ಸಂಖ್ಯೆಯಲ್ಲೂ ನೋಡಿದೆ. ಕೊನೆಗೆ ಮಾನಿಟರಿನ ಪ್ಲಗ್ ಕಿತ್ತೆ. ಆಮೇಲೆ ಪ್ಲಗ್ ಬಿಟ್ಟು ಕೇಬಲ್ ಮಾತ್ರ ಕಿತ್ತೆ. ಎರಡಕ್ಕೂ ವಿಂಡೋಸ್ ಒಂದೇ ರೀತಿ ನಡೆದುಕೊಳ್ಳಬೇಕು ಅಂತಿಲ್ಲ, ಹಾಗಾಗಿ ಎರಡೂ ಮಾಡಿ. ಕೇಬಲ್ ವಾಪಸ್ ಹಾಕುವ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತ್ತು. ವಿಂಡೋ ಕಿಟಕಿ ಕಡೆ ಹೋಯಿತು, 7485 ಅಂತ ನಾಲ್ಕೂ ಅಂಕಿ ಕಂಡವು. ಟ್ರ್ಯಾಕ್ಟರ್ ಓಡಿಸುತ್ತಿದ್ದ ಯಜಮಾನರು ಚೀಟಿ ಇಸಿದುಕೊಂಡು, ಒಮ್ಮೆ ಪರದೆ ನೋಡಿ, ಒಮ್ಮೆ ಚೀಟಿ ನೋಡಿ, ಮಡಚಿ ಜೇಬಿಗೆ ಹಾಕಿಕೊಂಡರು.